ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ



ಆರೋಗ್ಯದ ಪುಟಕ್ಕೆ ಬರೆಯುವ ನಮ್ಮಿಂದ ಓದುಗರು ರಕ್ತದೊತ್ತಡ, ಸಕ್ಕರೆ, ಚಳಿಗಾಲದ ವಿಟಮಿನ್ ಡಿ ಇವುಗಳ ಮಾತನ್ನೇ ನಿರೀಕ್ಷಿಸುವುದು ಸಹಜ. ಈ ಸಲ ಒಂದು ಹಳೆಯ ಕಾರಿನ ವಿಷಯ ಬರೆಯುತ್ತಿದ್ದೇವೆ. ಆರೋಗ್ಯದ ಮಾತು ನಡುವೆ ತಾನಾಗಿಯೇ ಬರುತ್ತದೆ, ಅದನ್ನು ನಾವು ಬಲವಂತವಾಗಿ ತಂದದ್ದಲ್ಲ. ಇಲ್ಲಿ ಹೇಳುವ ಕುಟುಂಬದವರು ಸಂಘದ ಸದಸ್ಯರು. ಹೆಸರು ಬೇಡವೆಂದರು, ಬರೆಯಲು ಅಡ್ಡಿಯಿಲ್ಲವೆಂದರು.

ಜೈಡಾಸ್ ಎಂದರೆ ಡಚ್ ಭಾಷೆಯಲ್ಲಿ ದಕ್ಷಿಣದ ಅಕ್ಷ. ಗಾಜಿನ ಗೋಪುರಗಳು, ಬ್ಯಾಂಕುಗಳು, ವಕೀಲರ ಕಚೇರಿಗಳು, ಗುಸ್ತಾವ್ ಮಾಲರ್, ಕ್ಲೋದ್ ಡೆಬುಸ್ಸಿ, ಜಾರ್ಜ್ ಗರ್ಷ್ವಿನ್ ಮೊದಲಾದ ಸಂಗೀತಗಾರರ ಹೆಸರು ಹೊತ್ತ ಬೀದಿಗಳು, ನಡುವೆ ಎ10 ವರ್ತುಲ ಹೆದ್ದಾರಿ ಮತ್ತು ರೈಲ್ವೆ ನಿಲ್ದಾಣ. ಇಲ್ಲಿನ ಕಟ್ಟಡಗಳ ನೆಲಮಾಳಿಗೆಗೆ ಇಳಿದರೆ ಸಾಲುಸಾಲಾಗಿ ನಿಂತಿರುವುದು ಕಂಪನಿ ಕೊಟ್ಟ ಹೊಸ ವಿದ್ಯುತ್ ಕಾರುಗಳು. ಆ ಸಾಲಿನಲ್ಲಿ 1994ರ ಮಾದರಿಯ ಪೆಟ್ರೋಲ್ ಕಾರೊಂದು ನಿಂತಿದ್ದರೆ ಅದು ಕಲ್ಯಾಣಮಂಟಪದಲ್ಲಿ ಒಬ್ಬರೇ ಪಂಚೆಯುಟ್ಟು ಕುಳಿತಂತೆ ಕಾಣುತ್ತದೆ. ಈ ದೇಶದಲ್ಲಿ ಕಾರಿಗೆ 40 ವರ್ಷ ತುಂಬಿದರೆ ರಸ್ತೆ ತೆರಿಗೆ ಮನ್ನಾ ಆಗುತ್ತದೆ. 30ರ ಆಸುಪಾಸಿನ ಕಾರಿಗೆ ಆ ಗೌರವವೂ ಇಲ್ಲ, ಹೊಸದೆಂಬ ಮರ್ಯಾದೆಯೂ ಇಲ್ಲ.

ಆ ಕಾರು ನಮ್ಮ ಗೆಳೆಯರದು. ಅವರ ಉದ್ಯೋಗದ ಕರಾರು ವಸಂತದಲ್ಲಿ ಮುಗಿದು ಮುಂದುವರಿಯಲಿಲ್ಲ. ಮನೆ ನಡೆಯುತ್ತಿದ್ದುದು ಅವರ ಪತ್ನಿಯ ಸಂಬಳದಲ್ಲಿ. ಆಕೆ ಊರಾಚೆಯ ಒಂದು ವೃದ್ಧಾಶ್ರಮದಲ್ಲಿ ದಾದಿ. ಮಧ್ಯಾಹ್ನದ ಪಾಳಿಗೆ ಹೋಗಿ ರಾತ್ರಿ ಹಿಂದಿರುಗುವ ಹೊತ್ತಿಗೆ ಆ ದಾರಿಯಲ್ಲಿ ಬಸ್ಸಿಲ್ಲ. ಜುಲೈ ತಿಂಗಳಲ್ಲಿ ಕಾರು ದಾರಿಯ ನಡುವೆ ಕೈಕೊಟ್ಟು ಎರಡು ಸಲ ತಡವಾಗಿತ್ತು. ಆಕೆಯ ಕರಾರೂ ತಾತ್ಕಾಲಿಕವಾದದ್ದು. ಮೂರನೆಯ ಸಲ ತಡವಾದರೆ ಏನಾಗುವುದೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಒಂದು ಗ್ಯಾರೇಜಿನವರು ಪೆಟ್ರೋಲ್ ಟ್ಯಾಂಕಿನೊಳಗಿನ ಪಂಪು ಬದಲಿಸಬೇಕು, ಇನ್ನೂ ಒಂದೆರಡು ಕೆಲಸ ಸೇರಿ 1100 ಯೂರೋ ಆಗುತ್ತದೆ ಎಂದಿದ್ದರು. ಕಾರಿನ ಬೆಲೆಯೇ ಅಷ್ಟಿರಲಿಲ್ಲ. ರಸ್ತೆಬದಿಯ ನೆರವಿಗೆ ಇಲ್ಲಿ ಎಎನ್‌ಡಬ್ಲ್ಯುಬಿಯ ಹಳದಿ ವಾಹನಗಳಿವೆ. 1883ರಲ್ಲಿ ಸೈಕಲ್ ಸವಾರರ ಸಂಘವಾಗಿ ಹುಟ್ಟಿದ ಆ ಸಂಸ್ಥೆ 1946ರಿಂದ ರಸ್ತೆ ಗಸ್ತು ನಡೆಸುತ್ತಿದೆ. ಆದರೆ ಖರ್ಚು ಕಡಿಮೆ ಮಾಡಲೆಂದು ಗೆಳೆಯರು ಅದರ ಸದಸ್ಯತ್ವವನ್ನೂ ಬಿಟ್ಟಿದ್ದರು. ಕಾರನ್ನು ಗುಜರಿಗೆ ಹಾಕುವುದೆಂಬ ತೀರ್ಮಾನ ಹೆಚ್ಚುಕಡಿಮೆ ಆಗಿಹೋಗಿತ್ತು.

ಆ ಮನೆಯಲ್ಲಿ ಇನ್ನೊಬ್ಬರಿದ್ದರು. ಗೆಳೆಯರ ತಂದೆ, ಹಾಸನದ ಕಡೆಯವರು, ಮೂರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದವರು. ಹರೆಯದಲ್ಲಿ ಅಂಬಾಸಿಡರ್ ಟ್ಯಾಕ್ಸಿಗಳ ಗ್ಯಾರೇಜಿನಲ್ಲಿ ದುಡಿದು, ಆಮೇಲೆ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಬಂದಾಗಿನಿಂದ ಅವರ ಕೆಲಸ ಮೊಮ್ಮಗುವನ್ನು ಆಡಿಸುವುದು ಮತ್ತು ಕಿಟಕಿಯ ಬಳಿ ಕುಳಿತು ಹೆದ್ದಾರಿಯ ವಾಹನಗಳನ್ನು ನೋಡುವುದು. ಕಾರಿನ ವಿಷಯದಲ್ಲಿ ಅವರನ್ನು ಯಾರೂ ಕೇಳಿರಲಿಲ್ಲ. ಇಲ್ಲಿನ ಗಾಡಿಗಳೇ ಬೇರೆ, ಅಪ್ಪನಿಗೆ ತಿಳಿಯದು ಎಂಬುದು ಮಗನ ಭಾವನೆ. ವಿದೇಶದಲ್ಲಿರುವ ನಾವೆಲ್ಲರೂ ಊರಿನಿಂದ ಬಂದ ತಂದೆತಾಯಿಯರನ್ನು ಹೀಗೆ ಕಿಟಕಿಯ ಬಳಿ ಕೂರಿಸಿಬಿಡುತ್ತೇವೆ.

ಒಂದು ಶನಿವಾರ ಸಂಜೆ ಅವರ ರಕ್ತದೊತ್ತಡ ನೋಡಲೆಂದು ನಾವು ಹೋಗಿದ್ದೆವು. ಸಂಘದ ಪರವಾಗಿ ಹಿರಿಯರನ್ನು ಹೀಗೆ ಕಂಡು ಬರುವುದು ನಮ್ಮ ರೂಢಿ. ಗುಜರಿಯ ಮಾತು ಬಂದಾಗ ಹಿರಿಯರು ಪಟ್ಟಿ ಕಟ್ಟಿದ್ದ ತೋಳನ್ನು ಚಾಚಿಕೊಂಡೇ ಕೇಳಿದರು: “ಸೆಲ್ಫ್ ಹೊಡೀತದಾ?”

ಹೊರದೇಶದಲ್ಲಿ ಬೆಳೆದ ಮಕ್ಕಳಿಗಾಗಿ ಹೇಳುವುದಾದರೆ, ಸ್ಟಾರ್ಟರ್ ಮೋಟರನ್ನು ನಮ್ಮ ಕಡೆ ಸೆಲ್ಫ್ ಎನ್ನುತ್ತಾರೆ. ಹಿಂದೆ ಮುಂಭಾಗದಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಎಬ್ಬಿಸುತ್ತಿದ್ದರು. ತನ್ನಷ್ಟಕ್ಕೆ ತಾನೇ ತಿರುಗುವುದು ಬಂದ ಮೇಲೆ ಅದಕ್ಕೆ ಆ ಹೆಸರು ನಿಂತಿತು. ಕೀಲಿ ತಿರುಗಿಸಿದರೆ ಟಕ್ಕೆಂದು ಸುಮ್ಮನಾಗುವ ಕಾರು ಒಂದು ಜಾತಿಯ ರೋಗಿ: ಬ್ಯಾಟರಿ, ಅದರ ಕೊಂಡಿ, ಸೆಲ್ಫ್, ಇವಿಷ್ಟರಲ್ಲೇ ದೋಷ. ಗುರ್ ಗುರ್ ಎಂದು ತಿರುಗಿಯೂ ಹೊತ್ತಿಕೊಳ್ಳದ ಕಾರು ಪೂರ್ತಿ ಬೇರೆ ಜಾತಿಯ ರೋಗಿ. ಅಲ್ಲಿ ಎಂಜಿನ್ ತಿರುಗುತ್ತಿದೆ, ಆದರೆ ಪೆಟ್ರೋಲ್, ಕಿಡಿ, ಗಾಳಿಯ ಒತ್ತಡ, ಇವು ಮೂರೂ ಸರಿಯಾದ ಹೊತ್ತಿಗೆ ಕೂಡುತ್ತಿಲ್ಲ. ಡೀಸೆಲ್ ಗಾಡಿಯಲ್ಲಿ ಕಿಡಿಯೇ ಇಲ್ಲ, ಗಾಳಿಯನ್ನು ಒತ್ತಿದ ಶಾಖಕ್ಕೇ ಎಣ್ಣೆ ಹೊತ್ತಿಕೊಳ್ಳುತ್ತದೆ. “ಬಸ್ಸಲ್ಲಿ ಒಂದು ತಲೆನೋವು ಕಡ್ಮೆ, ಡಾಕ್ಟ್ರೇ,” ಎಂದರು ಹಿರಿಯರು.

ಕಾರು ಎಂದೊಡನೆ ನಮ್ಮವರಿಗೆ ತಳ್ಳುವ ಹುಮ್ಮಸ್ಸು ಬರುತ್ತದೆ. ಮೊದಲ ಸಲ ನಿಂತಾಗ ಗೆಳೆಯರೂ ಮತ್ತಿಬ್ಬರು ಕನ್ನಡಿಗರೂ ಸೇರಿ ಅದನ್ನು ಬೀದಿಯುದ್ದಕ್ಕೂ ತಳ್ಳಿದ್ದರಂತೆ. ಅದನ್ನು ಕೇಳಿ ಹಿರಿಯರು ನಕ್ಕರು. ಸೆಲ್ಫ್ ಮಾಡದ ಕೆಲಸವನ್ನು ತಳ್ಳುವುದರಿಂದ ಮಾಡಬಹುದು. ಸೆಲ್ಫ್ ಆಗಲೇ ಚೆನ್ನಾಗಿ ಮಾಡುತ್ತಿರುವ ಕೆಲಸವನ್ನು ಮೂವರು ಬೆವರು ಸುರಿಸಿ ಮಾಡುವುದರಿಂದ ಏನೂ ಸಿಗುವುದಿಲ್ಲ. ಮೇಲಾಗಿ ಉರಿಯದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅದನ್ನೂ ಕೆಡಿಸಬಹುದು.

ಆಮೇಲೆ ಅವರು ಕೇಳಿದ ಪ್ರಶ್ನೆಗಳು ನಮ್ಮನ್ನು ಬೆರಗುಗೊಳಿಸಿದವು. ಮೈಸೂರು ಮೆಡಿಕಲ್ ಕಾಲೇಜಿನಲ್ಲಿ ನಾವು ಎಂ.ಬಿ.ಬಿ.ಎಸ್. ಓದುವಾಗ ನಮ್ಮ ಗುರುಗಳು ರೋಗಿಯನ್ನು ಮುಟ್ಟುವ ಮೊದಲು ಕೇಳಿಸಿಕೊಳ್ಳಿರೆಂದು ಕಿವಿ ಹಿಂಡಿ ಕಲಿಸಿದ್ದರು. ಹಿರಿಯರು ಅದನ್ನೇ ಮಾಡಿದರು, ಅದೂ ಮಗನನ್ನು ಬಿಟ್ಟು ಸೊಸೆಯನ್ನು ಕರೆದು. “ಓಡ್ಸೋರು ಯಾರೋ ಅವರ್ನ ಕೇಳ್ಬೇಕು. ನೀನು ಬರೀ ಕೂತ್ಕೊಂಡು ಹೋಗೋನು,” ಎಂದು ಮಗನನ್ನು ಸುಮ್ಮನಾಗಿಸಿದರು. ಯಾವ ಹೊತ್ತಿನಲ್ಲಿ ನಿಲ್ಲುತ್ತದೆ, ಬೆಳಿಗ್ಗೆ ಎಂದಾದರೂ ಹೀಗಾಗಿದೆಯೇ, ಮಳೆ ಬಂದ ದಿನವೋ ಬಿಸಿಲಿನ ದಿನವೋ, ಓಡುತ್ತಿರುವಾಗ ನಿಂತಿತೋ ನಿಲ್ಲಿಸಿ ಮತ್ತೆ ಎಬ್ಬಿಸುವಾಗಲೋ, ಎಷ್ಟು ಹೊತ್ತು ಬಿಟ್ಟ ಮೇಲೆ ಸರಿಹೋಯಿತು, ಪೆಟ್ರೋಲ್ ವಾಸನೆ ಬಂದಿತ್ತೇ?

ಸೊಸೆಯ ಉತ್ತರಗಳು ಸ್ಪಷ್ಟವಾಗಿದ್ದವು. ಬೆಳಿಗ್ಗೆ ನೆಲಮಾಳಿಗೆಯಲ್ಲಿ ಒಮ್ಮೆಯೂ ತೊಂದರೆಯಿಲ್ಲ. ಮಗುವನ್ನು ಶಿಶುವಿಹಾರಕ್ಕೆ ಬಿಡಲು ಬಿಸಿಲಿನಲ್ಲಿ ಕಾಲು ಗಂಟೆ ನಿಲ್ಲಿಸಿ ಮತ್ತೆ ಬಂದಾಗಲೇ ತೊಂದರೆ. ಸೆಲ್ಫ್ ಜೋರಾಗಿ ತಿರುಗುತ್ತದೆ, ಪೆಟ್ರೋಲ್ ವಾಸನೆ ಇಲ್ಲ. ಒಂದು ಗಂಟೆ ಕಳೆದರೆ ತಾನಾಗಿಯೇ ಎದ್ದುಬಿಡುತ್ತದೆ. ಎಳೆಸಿಕೊಂಡು ಗ್ಯಾರೇಜಿಗೆ ಹೋದ ಎರಡು ಸಲವೂ ಅಲ್ಲಿ ತಲುಪುವಷ್ಟರಲ್ಲಿ ಅದು ಸರಿಯಾಗಿತ್ತು.

ಊರಿನಲ್ಲಿ ಬಿಸಿಲಿಗೆ ನಿಲ್ಲುವ ಕಾರುಗಳ ಕಥೆ ಬೇರೆ ಇತ್ತು. ಕಾರ್ಬುರೇಟರ್ ಕಾಲದ ಅಂಬಾಸಿಡರ್, ಪದ್ಮಿನಿ ಕಾರುಗಳು ಘಟ್ಟ ಹತ್ತುವಾಗ ಎಂಜಿನ್ನಿನ ಬಿಸಿಗೆ ಪೆಟ್ರೋಲ್ ಕೊಳವೆಯಲ್ಲೇ ಆವಿಯಾಗಿ ಪಂಪು ಬರಿಯ ಆವಿಯನ್ನೇ ಎಳೆಯುತ್ತ ನಿಂತುಬಿಡುತ್ತಿದ್ದವು. ಚಾರ್ಮಾಡಿಯ ತಿರುವಿನಲ್ಲಿ ಚಾಲಕ ಇಳಿದು ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಬೀಡಿ ಹಚ್ಚುವುದನ್ನು ನಮ್ಮ ವಯಸ್ಸಿನವರು ಕಂಡಿದ್ದೇವೆ. (ಪೆಟ್ರೋಲಿನ ಪಕ್ಕದಲ್ಲಿ ಬೀಡಿ!) ಇಂಜೆಕ್ಷನ್ ಬಂದ ಕಾರುಗಳಲ್ಲಿ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿದ್ದು ಒತ್ತಡದಲ್ಲಿ ಕಳುಹಿಸುವುದರಿಂದ ಆ ಕಾಯಿಲೆ ಬಹುಮಟ್ಟಿಗೆ ಹೋಯಿತು. ಒದ್ದೆ ಬಟ್ಟೆಯ ಕಾಲವಲ್ಲ ಇದು ಎಂಬುದು ಹಿರಿಯರಿಗೂ ಗೊತ್ತಿತ್ತು.

ನೆಲಮಾಳಿಗೆಗೆ ಇಳಿದೆವು. ಹಿರಿಯರು ಮೊದಲು ಹಾಕಿದ ನಿಯಮ: ಇಲ್ಲಿ ಎಂಜಿನ್ ಓಡಿಸುವಂತಿಲ್ಲ. ವೈದ್ಯರಾಗಿ ನಾವು ಹೇಳಬೇಕಾದದ್ದನ್ನು ಅವರೇ ಹೇಳಿದರು. ಮುಚ್ಚಿದ ಜಾಗದಲ್ಲಿ ಕಾರಿನ ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಎಂದು ತಿಳಿಯುವಷ್ಟರಲ್ಲಿ ಕೈಕಾಲು ಸೋತಿರುತ್ತವೆ. ತಣ್ಣಗಿನ ಎಂಜಿನ್ ಹೆಚ್ಚು ವಿಷ ಉಗುಳುತ್ತದೆ, ಕನ್ವರ್ಟರ್ ಬಿಸಿಯೇರುವವರೆಗೆ ಅದರಿಂದ ಉಪಯೋಗವೂ ಇಲ್ಲ. ಅವರ ಪರೀಕ್ಷೆಗೆ ಎಂಜಿನ್ ಓಡುವ ಅಗತ್ಯವೂ ಇರಲಿಲ್ಲ.

ಸದ್ದನ್ನು ಕೇಳಲು ಒಂದೇ ಸಲ, ನಾಲ್ಕಾರು ಸೆಕೆಂಡ್, ಸೆಲ್ಫ್ ಹೊಡೆಯಬೇಕೆಂದರು. ಆಗ ಪೆಟ್ರೋಲ್ ಹೋಗದಂತೆ ಪಂಪಿನ ಫ್ಯೂಸ್ ತೆಗೆಸಿದರು. ಎಂಜಿನ್ ತಿರುಗುವಾಗ ಪ್ರತಿ ಸಿಲಿಂಡರಿನ ಒತ್ತಡಕ್ಕೂ ಒಂದು ಏದುಸಿರು ಇರುತ್ತದೆ, ಅದು ಕೇಳಬೇಕು. ಏದುಸಿರೇ ಇಲ್ಲದೆ ಹೊಲಿಗೆ ಯಂತ್ರದಂತೆ ಸರಾಗವಾಗಿ, ಅತಿವೇಗವಾಗಿ ತಿರುಗಿದರೆ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಆಗ ಕೀಲಿಯನ್ನು ಇನ್ನೊಮ್ಮೆ ಮುಟ್ಟಬಾರದು. ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ. ತೀರ ನಿಧಾನವಾಗಿ ತಿರುಗಿದರೆ ಬ್ಯಾಟರಿಯನ್ನು ಅಳೆಯಬೇಕು: ವಿಶ್ರಾಂತಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ ಎಂದರ್ಥ. ತಿರುಗಿಸುವಾಗ 9.6ರ ಕೆಳಗೆ ಕುಸಿದರೆ ಸೆಲ್ಫ್ ತಿರುಗಿದರೂ ಕಿಡಿಗೆ ಶಕ್ತಿ ಉಳಿಯದಿರಬಹುದು. ಇಲ್ಲಿ ಏದುಸಿರು ಸರಿಯಾಗಿತ್ತು. ಸೆಲ್ಫನ್ನು ಒಮ್ಮೆಗೆ 10 ಸೆಕೆಂಡಿಗಿಂತ ಹೆಚ್ಚು ಹೊಡೆಯಬಾರದು, ನಡುವೆ ಅದು ತಣಿಯಲು ಬಿಡಬೇಕು ಎಂಬುದನ್ನೂ ಸೊಸೆಗೆ ಹೇಳಿಕೊಟ್ಟರು.

ಇನ್ನು ಕಿಡಿಯ ಮಾತು. ಮಳೆ, ಮಂಜಿನ ಈ ದೇಶದಲ್ಲಿ ಹಳೆಯ ಕಾರಿನ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕುಳಿತು ಕಿಡಿ ದಾರಿ ತಪ್ಪುವುದುಂಟು. ಆದರೆ ತೇವದ ಕಾಯಿಲೆ ಬೆಳಗಿನ ಹೊತ್ತಿನದು, ನಮ್ಮ ರೋಗಿಯದು ಬಿಸಿಲಿನದು. ಕಿಡಿಯಿಲ್ಲದೆ ಪೆಟ್ರೋಲ್ ಮಾತ್ರ ಬರುತ್ತಿದ್ದರೆ ನಾಲ್ಕು ಸಲ ಸೆಲ್ಫ್ ಹೊಡೆದ ಮೇಲೆ ಹೊಗೆಕೊಳವೆಯ ಬಳಿ ಪೆಟ್ರೋಲ್ ನಾರಬೇಕು, ಪ್ಲಗ್ಗುಗಳು ಒದ್ದೆಯಾಗಿರಬೇಕು. ವಾಸನೆಯಿಲ್ಲವೆಂದು ಸೊಸೆ ಹೇಳಿದ್ದರಿಂದ ಹಿರಿಯರು ಕಿಡಿಯನ್ನು ಪಕ್ಕಕ್ಕಿಟ್ಟರು. ಅದನ್ನು ನೋಡಲೇಬೇಕಾದವರು ಪ್ಲಗ್ ವೈರನ್ನು ಕೈಯಲ್ಲಿ ಹಿಡಿಯದೆ ಅದಕ್ಕೆಂದೇ ಸಿಗುವ ಟೆಸ್ಟರ್ ಬಳಸಬೇಕು. ಅಲ್ಲಿ ಹರಿಯುವುದು ಸಾವಿರಾರು ವೋಲ್ಟ್. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಆ ಕೆಲಸದಿಂದ ದೂರವೇ ಇರಬೇಕು.

ಫ್ಯೂಸ್ ಮರಳಿ ಹಾಕಿದ ಮೇಲೆ ಪೆಟ್ರೋಲಿನ ಪರೀಕ್ಷೆ. ಕೀಲಿಯನ್ನು ಸೆಲ್ಫಿನವರೆಗೆ ಒಯ್ಯದೆ ಅದಕ್ಕೂ ಹಿಂದಿನ ಸ್ಥಾನದಲ್ಲಿ ನಿಲ್ಲಿಸಿದರೆ ಇಂತಹ ಕಾರುಗಳ ಪಂಪು ಸುಮಾರು 2 ಸೆಕೆಂಡ್ ಓಡಿ ಒತ್ತಡ ಕೂಡಿಸಿ ನಿಲ್ಲುತ್ತದೆ. ಹಿಂದಿನ ಸೀಟಿನ ಕೆಳಗೆ ಜೇನ್ನೊಣದಂತಹ ಸದ್ದು. ನಮ್ಮ ಸ್ಟೆತಾಸ್ಕೋಪನ್ನು ಅಲ್ಲಿಟ್ಟು ಕೇಳಿದೆವು. ಪಂಪು ಗುಂಯ್ಗುಟ್ಟಿತು. ಮಗ ಹೇಳಿದರು, “ಸರಿಯಾಗಿದೆಯಲ್ಲಪ್ಪ.” ಹಿರಿಯರು ತಲೆಯಾಡಿಸಿದರು. “ಈಗ ಸರಿ ಇರೋದು ಗೊತ್ತಿರೋದೇ. ಕೆಟ್ಟಾಗ ಏನಾಗ್ತದೆ ಅಂತ ನೋಡ್ಬೇಕು. ಕೆಡ್ಸು.”

ಕೆಡಿಸುವುದು ಹೇಗೆ? ಅವರು ಸೊಸೆಯ ಕೂದಲು ಒಣಗಿಸುವ ಯಂತ್ರ ತರಿಸಿದರು. ಡ್ಯಾಶ್‌ಬೋರ್ಡಿನ ಕೆಳಗೆ ಬೆರಳು ಹಾಕಿ ಬೆಂಕಿಪೊಟ್ಟಣದಷ್ಟು ದೊಡ್ಡ ರಿಲೇ ಒಂದನ್ನು ಅದರ ವೈರುಗಳೊಡನೆಯೇ ಕೆಳಕ್ಕೆ ಇಳಿಬಿಟ್ಟರು. ಪಂಪಿಗೂ ಕಂಪ್ಯೂಟರಿಗೂ ಕರೆಂಟ್ ಹಂಚುವ ಡಬ್ಬಿ ಅದು. ಮೇಲ್ವಿಚಾರಕರನ್ನು ಕೇಳಿ ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆದು ಡಬ್ಬಿಗೆ ನಾಲ್ಕೈದು ನಿಮಿಷ ಬಿಸಿಗಾಳಿ ಹಿಡಿದರು. ಕೀಲಿ ತಿರುಗಿಸಿದರೆ ಎಂಜಿನ್ ದೀಪ ಹತ್ತಿ 2 ಸೆಕೆಂಡಿನಲ್ಲಿ ಆರಿತು. ಕಂಪ್ಯೂಟರ್ ಎಚ್ಚರವಾಗಿದೆ ಎಂದಾಯಿತು. ಪಂಪಿನ ಸದ್ದು ಮಾತ್ರ ಇಲ್ಲ. ತಣಿಯಲು ಬಿಟ್ಟೆವು. ಸದ್ದು ಬಂದಿತು. ಮತ್ತೆ ಬಿಸಿ ಮಾಡಿದರು, ಸದ್ದು ಹೋಯಿತು. ಆ ಬಿಸಿಯಲ್ಲೇ ರಿಲೇ ಕಳಚಿ, ಫ್ಯೂಸ್ ಇದ್ದ ತುಂಡು ವೈರಿನಿಂದ ಪಂಪಿಗೆ ನೇರವಾಗಿ ಕರೆಂಟ್ ಕೊಟ್ಟಾಗ ಪಂಪು ಸರಾಗವಾಗಿ ಓಡಿತು. “ಹೊಟ್ಟೆ ಚೆನ್ನಾಗೈತೆ, ಊಟ ಬಡಿಸೋರು ಇಲ್ಲ ಅಷ್ಟೇ,” ಎಂದರು. 1100 ಯೂರೋ ಕೊಟ್ಟು ಬದಲಿಸಬೇಕಾಗಿದ್ದ ಪಂಪು ಅದು.

ಮನೆಗೆ ಹೋಗಿ ಡಬ್ಬಿಯ ಮುಚ್ಚಳ ಬಿಚ್ಚಿ, ಕಿವಿ ನೋಡುವ ನಮ್ಮ ಓಟೋಸ್ಕೋಪಿನ ಬೆಳಕು ಮತ್ತು ಮಸೂರದಲ್ಲಿ ನೋಡಿದೆವು. ಒಂದು ಕಾಲಿನ ಬುಡದಲ್ಲಿ ಬೆಸುಗೆಯ ಸುತ್ತ ಕೂದಲೆಳೆಯಂತಹ ಉಂಗುರಾಕಾರದ ಬಿರುಕು. ಬಿಸಿಗೆ ಹಿಗ್ಗಿ ಬಿಡುತ್ತದೆ, ತಣಿದಾಗ ಕೂಡುತ್ತದೆ. ಮಗ ತನ್ನ ಹವ್ಯಾಸಕ್ಕೆಂದು ಕೊಂಡಿದ್ದ ಬೆಸುಗೆ ಕಡ್ಡಿ ಹಿಡಿದರು, ತಂದೆ ಎಲ್ಲಿ ಎಷ್ಟು ಎಂದು ಹೇಳಿದರು. ಅಂದು ತಂದೆ ಮಗ ಒಂದೇ ಮೇಜಿನ ಮೇಲೆ ತಲೆ ಬಗ್ಗಿಸಿ ಕುಳಿತಿದ್ದನ್ನು ಸೊಸೆ ಬಾಗಿಲ ಬಳಿ ನಿಂತು ನೋಡುತ್ತಿದ್ದರು. ಮತ್ತೆ ಕೆಳಗಿಳಿದು ಬಿಸಿಗಾಳಿ ಹಿಡಿದಾಗ ಸದ್ದು ನಿಲ್ಲಲಿಲ್ಲ. ಬೆಸುಗೆ ತಾತ್ಕಾಲಿಕವೆಂದು, ಹೊಸ ರಿಲೇ ತರಿಸಿಯೇ ಹಾಕಬೇಕೆಂದು ಹಿರಿಯರು ಪಟ್ಟು ಹಿಡಿದರು. ಅದಕ್ಕೆ ತಗುಲಿದ್ದು 35 ಯೂರೋ.

ಮೇಲೆ ಬಂದು ಕಾಫಿ ಕುಡಿಯುವಾಗ ನಾವು ಹೇಳಿದೆವು: “ಯಜಮಾನ್ರೇ, ನೀವು ಮಾಡಿದ್ದನ್ನೇ ನಾವು ಹೃದಯಕ್ಕೆ ಮಾಡುವುದು. ಮಲಗಿಸಿ ತೆಗೆದ ಇಸಿಜಿ ಚೆನ್ನಾಗಿದ್ದರೂ ಓಡಿಸಿ ನೋಡುತ್ತೇವೆ.” ಅವರು ಲೋಟ ಕೆಳಗಿಟ್ಟರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಂಗೂ ಹಂಗೇ ಆಗ್ತದೆ, ಡಾಕ್ಟ್ರೇ,” ಎಂದರು. ನಿಲ್ದಾಣದ ಮೆಟ್ಟಿಲು ಹತ್ತಿದರೆ, ಊಟವಾದ ಮೇಲೆ ಎದುರುಗಾಳಿಯಲ್ಲಿ ನಡೆದರೆ ಎದೆಯ ನಡುವೆ ಬಿಗಿಯುತ್ತದೆ. ಎರಡು ನಿಮಿಷ ನಿಂತರೆ ಹೋಗುತ್ತದೆ. ಊರಿನಲ್ಲಿ ಇಸಿಜಿ ಮಾಡಿಸಿದ್ದರು, ನಾರ್ಮಲ್ ಎಂದು ಚೀಟಿಯಿತ್ತು. ಆ ಚೀಟಿ ನಂಬಿ ಯಾರಿಗೂ ಹೇಳಿರಲಿಲ್ಲ. ಮಗನಿಗೆ ಕೆಲಸವಿಲ್ಲದ ಹೊತ್ತಿನಲ್ಲಿ ಆಸ್ಪತ್ರೆಯ ಖರ್ಚು ಹೊರಿಸಬಾರದೆಂಬ ಯೋಚನೆಯೂ ಇತ್ತು.

ದುಡಿತದಲ್ಲಿ ಬಂದು ವಿಶ್ರಾಂತಿಯಲ್ಲಿ ಕೆಲವೇ ನಿಮಿಷಕ್ಕೆ ಹೋಗುವ ಎದೆಬಿಗಿತ ಹೃದಯದ ರಕ್ತನಾಳ ಕಿರಿದಾಗಿರುವ ಲಕ್ಷಣ. ಅಂತಹವರ ಇಸಿಜಿ ವಿಶ್ರಾಂತಿಯಲ್ಲಿ ಎಷ್ಟೋ ಸಲ ನಿರ್ದೋಷವಾಗಿಯೇ ಕಾಣುತ್ತದೆ. ಸೋಮವಾರ ಬೆಳಿಗ್ಗೆಯೇ ಅವರನ್ನು ಬಡಾವಣೆಯ ಹೌಸ್‌ಆರ್ಟ್ಸ್, ಅಂದರೆ ಕುಟುಂಬ ವೈದ್ಯರ ಬಳಿಗೆ ಕರೆದೊಯ್ದೆವು. ಭೇಟಿಗೆ ಬಂದ ಹಿರಿಯರನ್ನೂ ಅವರು ದಾರಿಹೋಕ ರೋಗಿಯಾಗಿ ನೋಡುತ್ತಾರೆ, ಶುಲ್ಕ ಕೊಡಬೇಕಷ್ಟೆ. ಇದು ಅನೇಕ ಸದಸ್ಯರಿಗೆ ತಿಳಿದಿಲ್ಲ. ಆಸ್ಪಿರಿನ್, ನಾಲಿಗೆಯ ಕೆಳಗೆ ಸಿಂಪಡಿಸುವ ನೈಟ್ರೇಟ್, ಹೃದಯತಜ್ಞರಿಗೆ ಪತ್ರ ಸಿಕ್ಕವು. ಈ ದೇಶದ ಆಸ್ಪತ್ರೆಗಳಲ್ಲಿ ಟ್ರೆಡ್‌ಮಿಲ್ಲಿಗಿಂತ ಸೈಕಲ್ ತುಳಿಸಿಯೇ ಹೆಚ್ಚಾಗಿ ಪರೀಕ್ಷಿಸುತ್ತಾರೆ. ಆರನೆಯ ನಿಮಿಷದಲ್ಲಿ ಬಿಗಿತ ಬಂತು, ಗೆರೆ ಬಾಗಿತು. ತಜ್ಞರು ಔಷಧ ಹೆಚ್ಚಿಸಿ, ಸ್ಥಿತಿ ಸ್ಥಿರವಾಗಿದೆ, ಪ್ರಯಾಣ ಮಾಡಬಹುದು ಎಂದ ಮೇಲೆ ಟಿಕೆಟ್ಟನ್ನು ಹಿಂದಕ್ಕೆ ತಂದು ಊರಿಗೆ ಕಳುಹಿಸಿದರು. ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಆಂಜಿಯೋಗ್ರಾಂ ಆಗಿ ಒಂದು ಸ್ಟೆಂಟ್ ಹಾಕಿದ್ದಾರೆ.

ನಿಮ್ಮ ಮನೆಗೂ ಈ ಬೇಸಿಗೆಯಲ್ಲಿ ತಂದೆತಾಯಿಯರು ಬಂದಿರಬಹುದು. ಅವರು ನಡೆಯುವಾಗ ಪದೇಪದೇ ನಿಂತು ಅಂಗಡಿಯ ಗಾಜನ್ನೋ ಹೂವನ್ನೋ ನೋಡುತ್ತಿದ್ದರೆ, ಏಕೆ ನಿಂತಿರೆಂದು ಒಮ್ಮೆ ಕೇಳಿರಿ. ಬಿಗಿತ ಕುಳಿತಿರುವಾಗಲೂ ಬಂದರೆ, ಅಥವಾ ನಿಂತ ಮೇಲೂ ಕೆಲವು ನಿಮಿಷಗಳಲ್ಲಿ ಇಳಿಯದಿದ್ದರೆ ಸೋಮವಾರಕ್ಕೆ ಕಾಯದೆ 112ಕ್ಕೆ ಕರೆ ಮಾಡಿರಿ.

ಹಿರಿಯರು ಹೊರಡುವ ಮುನ್ನ ಹೊಸ ರಿಲೇಯನ್ನು ತಾವೇ ಹಾಕಿ, ಬೆಸುಗೆ ಮಾಡಿದ ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿಟ್ಟು ಹೋಗಿದ್ದಾರೆ. ಆಗಸ್ಟಿನ ಬಿಸಿಲಿನಲ್ಲಿ ಕಾರು ಶಿಶುವಿಹಾರದ ಮುಂದೆ ದಿನವೂ ನಿಂತು ಎದ್ದಿತು. ಸೊಸೆಯ ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯಿತು. ಎಂಜಿನ್ ಎಣ್ಣೆ ಸ್ವಲ್ಪ ಸೋರುತ್ತಿದೆಯಂತೆ. ಅದರ ಬಗ್ಗೆ ಹಾಸನದಿಂದ ಪ್ರತಿ ಭಾನುವಾರ ಫೋನಿನಲ್ಲಿ ವಿಚಾರಣೆ ನಡೆಯುತ್ತಿದೆ, ಮಾತನಾಡುವವರು ಮಾವ ಮತ್ತು ಸೊಸೆ.